ನಾಲ್ಕು ಬೈಟ್, ಐದು ಉತ್ತರ: ಇಂಟಿಜರ್‌ನಿಂದ ಫ್ಲೋಟ್‌ಗೆ ಹೋಗುವಾಗ ಬೈಟ್ ಕ್ರಮ ನೋಡಿಕೊಳ್ಳುವುದು ಹೇಗೆ

ಯಾವುದೋ ಸಾಧನದಿಂದ ನಿಮ್ಮ ಪ್ರೋಗ್ರಾಂಗೆ ನಾಲ್ಕು ಬೈಟ್ ಬಂದಿವೆ ಅಂದುಕೊಳ್ಳಿ. ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, ನೋಡಿದರೆ 41 23 45 67. ಇದರೊಳಗೆ ಒಂದು 32 ಬಿಟ್ ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ, ಇದೆ ಅಂತ ಮಾತ್ರ ನಿಮಗೆ ಗೊತ್ತು. ಉತ್ತರ ಎಷ್ಟು?

ಬಂದ ಕ್ರಮದಲ್ಲೇ ಓದಿದರೆ ಸುಮಾರು 10.2044. ಪೂರ್ತಿ ತಿರುಗಿಸಿ 67 45 23 41 ಅಂತ ಓದಿದರೆ ಸುಮಾರು 9.31 × 10²³. ಎರಡೆರಡು ಬೈಟ್‌ಗಳ ಜೋಡಿ ಮಾಡಿ, ಜೋಡಿಗಳ ಜಾಗ ಬದಲಿಸಿ 45 67 41 23 ಅಂತ ಓದಿದರೆ ಸುಮಾರು 3700.07. ಜೋಡಿಗಳು ಅಲ್ಲೇ ಇದ್ದು ಒಳಗಿನ ಬೈಟ್‌ಗಳು ಮಾತ್ರ ತಿರುಗಿ 23 41 67 45 ಆದರೆ ಸುಮಾರು 1.05 × 10⁻¹⁷. ಇನ್ನು, ಫ್ಲೋಟ್ ಅನ್ನುವುದನ್ನೇ ಮರೆತು ಇಂಟಿಜರ್ (ಪೂರ್ಣಾಂಕ) ಅಂತ ಓದಿದರೆ 1,09,28,30,567.

ಇವುಗಳಲ್ಲಿ ನನಗೆ ಭಯ ಇರುವುದು 3700.07 ಬಗ್ಗೆ. 10²³ ಕಂಡರೆ ಯಾರಾದರೂ ಏನೋ ಕೆಟ್ಟಿದೆ ಅಂತ ಹೇಳುತ್ತಾರೆ. 3700 ಹಾಗಲ್ಲ. ಅದು ಒಳ್ಳೆಯ ಸಂಖ್ಯೆಯ ಹಾಗೇ ಕಾಣುತ್ತದೆ, ವರದಿಯಲ್ಲಿ ಕೂತುಬಿಡುತ್ತದೆ.

ಈ ಬರಹದ ಉದ್ದಕ್ಕೂ ನಾನು ಹೇಳುವುದು ಒಂದೇ ವಿಷಯ. ಬೈಟ್ ಕ್ರಮ ಅನ್ನುವುದು ಬೈಟ್‌ಗಳ ಸಮಸ್ಯೆ, ಅದನ್ನು ಬೈಟ್ ಅಥವಾ ಇಂಟಿಜರ್ ಹಂತದಲ್ಲೇ ಮುಗಿಸಿ. ಫ್ಲೋಟ್ ಹುಟ್ಟಬೇಕಾದದ್ದು ಎಲ್ಲ ಸರಿಯಾದ ಮೇಲೆ, ಕೊನೆಯಲ್ಲಿ.

ಮೊದಲು ಎರಡು ಕೆಲಸಗಳನ್ನು ಬೇರೆ ಮಾಡಿಕೊಳ್ಳಿ

ಇಂಟಿಜರ್ ಅನ್ನು ಫ್ಲೋಟ್ ಮಾಡುವುದು ಅಂದರೆ ಎರಡು ಅರ್ಥ ಇದೆ. ಗೊಂದಲ ಶುರುವಾಗುವುದೇ ಇಲ್ಲಿಂದ.

ಒಂದು, ಮೌಲ್ಯ ಬದಲಿಸುವುದು. 10 ಅನ್ನುವ ಇಂಟಿಜರ್ 10.0 ಆಗುತ್ತದೆ. ಬೆಲೆ ಅದೇ, ಒಳಗಿನ ಬಿಟ್‌ಗಳು ಪೂರ್ತಿ ಬೇರೆ. ಸಾಮಾನ್ಯ ಕಾಸ್ಟ್ (ಕೋಡ್‌ನಲ್ಲಿ ಸಂಖ್ಯೆಯ ಬಗೆ ಬದಲಿಸುವ ಸೂಚನೆ) ಮಾಡುವುದು ಇದನ್ನೇ.

ಎರಡು, ಬಿಟ್‌ಗಳನ್ನು ಹಾಗೇ ಇಟ್ಟು ಅರ್ಥ ಮಾತ್ರ ಬದಲಿಸುವುದು. 1,09,28,30,567 ಅನ್ನುವ ಇಂಟಿಜರ್‌ನ 32 ಬಿಟ್‌ಗಳನ್ನು ಫ್ಲೋಟ್ ಅಂತ ಓದಿದರೆ 10.2044 ಆಗುತ್ತದೆ. ನಮಗೆ ಬೇಕಾಗಿರುವುದು ಇದು.

ಇದೇ ಇಂಟಿಜರ್‌ಗೆ ಸುಮ್ನೆ ಕಾಸ್ಟ್ ಹಾಕಿದರೆ ಸಿಗುವುದು 1,09,28,30,592. ಹೌದು, ಕೊನೆಯ ಅಂಕಿಗಳೂ ಬದಲಾಗಿವೆ. ಅಷ್ಟು ದೊಡ್ಡ ಸಂಖ್ಯೆಗಳ ಜಾಗದಲ್ಲಿ 32 ಬಿಟ್ ಫ್ಲೋಟ್‌ಗಳ ನಡುವಿನ ಅಂತರ 128 ಇರುತ್ತದೆ. ಹತ್ತಿರದ ಮೆಟ್ಟಿಲಿಗೆ ಅದು ಹತ್ತಿ ನಿಂತಿದೆ. ಸಣ್ಣ ದಶಮಾಂಶ ಸಂಖ್ಯೆ ಬರಬೇಕಾದ ಕಡೆ ನೂರು ಕೋಟಿ ಮೀರಿದ ಸಂಖ್ಯೆ ಕಂಡರೆ ಬೈಟ್ ಕ್ರಮ ನೋಡುವ ಮೊದಲು ಇದನ್ನು ನೋಡಿ.

ಫ್ಲೋಟ್‌ನ ಒಳಗೆ ಏನಿದೆ

ಒಮ್ಮೆ ಕೈಯಲ್ಲಿ ಲೆಕ್ಕ ಮಾಡಿಬಿಡಿ. ಆಮೇಲೆ ಹೆಕ್ಸ್ ನೋಡಿದ ಕೂಡಲೇ ಅರ್ಧ ವಿಷಯ ಗೊತ್ತಾಗುತ್ತದೆ.

32 ಬಿಟ್ ಫ್ಲೋಟ್‌ನಲ್ಲಿ ಮೇಲಿನ 1 ಬಿಟ್ ಚಿಹ್ನೆ, ನಂತರದ 8 ಬಿಟ್ ಎಕ್ಸ್‌ಪೋನೆಂಟ್ (2ರ ಘಾತ), ಉಳಿದ 23 ಬಿಟ್ ಮ್ಯಾಂಟಿಸಾ (1ರ ನಂತರದ ಭಿನ್ನ ಭಾಗ). ಎಕ್ಸ್‌ಪೋನೆಂಟ್‌ಗೆ 127 ಸೇರಿಸಿ ಬರೆದಿರುತ್ತಾರೆ. 12.5 ತೆಗೆದುಕೊಳ್ಳಿ. ಅದು 1.5625 × 2³. 3ಕ್ಕೆ 127 ಸೇರಿಸಿದರೆ 130, ಬೈನರಿಯಲ್ಲಿ 10000010. 0.5625 ಅಂದರೆ ಅರ್ಧ ಮತ್ತು ಹದಿನಾರನೇ ಒಂದು, ಬೈನರಿಯಲ್ಲಿ 1001, ಮುಂದೆ ಎಲ್ಲ ಸೊನ್ನೆ. ಜೋಡಿಸಿದರೆ ಹೆಕ್ಸ್‌ನಲ್ಲಿ 41 48 00 00.

ಗಮನಿಸಿ, 10.2 ಕೂಡ 41ರಿಂದ ಶುರುವಾಗಿತ್ತು. 8ರಿಂದ 32ರ ಒಳಗಿನ ಎಲ್ಲ ಧನ ಸಂಖ್ಯೆಗಳ ಮೊದಲ ಬೈಟ್ 41. ನಾಲ್ಕು ಬೈಟ್‌ಗಳಲ್ಲಿ 41 ಎಲ್ಲಿ ಕೂತಿದೆ ಅಂತ ನೋಡಿದರೆ ಕ್ರಮವನ್ನು ಕಣ್ಣಲ್ಲೇ ಊಹಿಸಬಹುದು.

ಫ್ಲೋಟ್‌ಗಳ ಈ ರೂಪವನ್ನು ಹೇಳುವ ಐಟ್ರಿಪಲ್‌ಇ 754 ಮಾನದಂಡ 1985ರಲ್ಲಿ ಬಂತು. ಬಿಟ್‌ಗಳ ಜಾಗವನ್ನು ಅದು ಹೇಳುತ್ತದೆ. ಆ ಬಿಟ್‌ಗಳನ್ನು ಬೈಟ್ ಮಾಡಿ ಮೆಮೊರಿಯಲ್ಲಿ ಯಾವ ಕ್ರಮದಲ್ಲಿ ಇಡಬೇಕು ಅಂತ ಹೇಳುವುದಿಲ್ಲ. ದೊಡ್ಡ ತುದಿಯ ಬೈಟ್ ಮೊದಲು ಬಂದರೆ ಬಿಗ್ ಎಂಡಿಯನ್, ಚಿಕ್ಕ ತುದಿಯದು ಮೊದಲು ಬಂದರೆ ಲಿಟಲ್ ಎಂಡಿಯನ್. ಎಕ್ಸ್86 ಪ್ರೊಸೆಸರ್‌ಗಳು ಲಿಟಲ್. ಇಂದಿನ ಆರ್ಮ್ ಯಂತ್ರಗಳು ಬಹುಪಾಲು ಲಿಟಲ್. ಐಬಿಎಂ ಮೇನ್‌ಫ್ರೇಮ್‌ಗಳು ಬಿಗ್.

ಯಾವಾಗ ತಿರುಗಿಸಬಾರದು

ಒಂದೇ ಯಂತ್ರದ ಒಳಗೆ ಇಂಟಿಜರ್‌ನ ಬಿಟ್‌ಗಳನ್ನು ಫ್ಲೋಟ್ ಆಗಿ ಓದುವಾಗ ಬೈಟ್ ತಿರುಗಿಸುವ ಅಗತ್ಯವೇ ಇಲ್ಲ. ಲಿಟಲ್ ಎಂಡಿಯನ್ ಯಂತ್ರದಲ್ಲಿ ಇಂಟಿಜರ್ ಕೂಡ ಲಿಟಲ್, ಫ್ಲೋಟ್ ಕೂಡ ಲಿಟಲ್. ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿದ್ದಾರೆ, ಅಲ್ವಾ? ಹಾಗಾಗಿ 1,09,28,30,567 ಅನ್ನುವ ಇಂಟಿಜರ್ ಯಾವ ಯಂತ್ರದಲ್ಲೇ ಆಗಲಿ 10.2044 ಆಗಿಯೇ ಬರುತ್ತದೆ. ಕ್ರಮದ ಪ್ರಶ್ನೆ ಬರುವುದು ಬೈಟ್‌ಗಳು ಫೈಲ್‌ನಿಂದಲೋ ನೆಟ್‌ವರ್ಕ್‌ನಿಂದಲೋ ಬಂದಾಗ, ಅಥವಾ ಅಲ್ಲಿಗೆ ಹೋಗುವಾಗ.

ಇದಕ್ಕೆ ಅಪವಾದ ಇತ್ತು. ಎಫ್‌ಪಿಎ ಅನ್ನುವ ಹಳೆಯ ಫ್ಲೋಟ್ ಘಟಕ ಬಳಸುತ್ತಿದ್ದ ಆರ್ಮ್ ವ್ಯವಸ್ಥೆಗಳಲ್ಲಿ ಡಬಲ್‌ನ (64 ಬಿಟ್ ಫ್ಲೋಟ್‌ನ) ಎರಡು 32 ಬಿಟ್ ಅರ್ಧಗಳಲ್ಲಿ ಮೇಲಿನದು ಮೊದಲು ಬರುತ್ತಿತ್ತು. ಪ್ರತಿ ಅರ್ಧದ ಒಳಗೆ ಮಾತ್ರ ಲಿಟಲ್ ಎಂಡಿಯನ್. ಹಳೇ ಸಾಧನದ ಫೈಲ್ ಕೈಗೆ ಬಂದರೆ ನೆನಪಿರಲಿ. ಇಲ್ಲದಿದ್ದರೆ ಇದನ್ನು ಮರೆತುಬಿಡಬಹುದು.

ಹಂತ 1: ಬೈಟ್‌ಗಳು ಯಾವ ಕ್ರಮದಲ್ಲಿ ಬರುತ್ತವೆ ಅಂತ ಪತ್ತೆ ಮಾಡಿ

ಕೇಳಬೇಕಾದ್ದು ಬೈಟ್‌ಗಳನ್ನು ಕಳಿಸುವವರ ಕ್ರಮ. ನಿಮ್ಮ ಯಂತ್ರದ ಕ್ರಮ ಏನು ಅನ್ನುವ ಪ್ರಶ್ನೆ ಮುಂದಿನ ಹಂತಗಳಲ್ಲಿ ಬೇಕಾಗುವುದೇ ಇಲ್ಲ.

ಫಾರ್ಮ್ಯಾಟ್‌ನ ದಾಖಲೆ ಓದಿ. ಯಂತ್ರಗಳ ನಡುವೆ ಡೇಟಾ ಕಳಿಸುವ ಎಕ್ಸ್‌ಡಿಆರ್ ಫಾರ್ಮ್ಯಾಟ್ ಬಿಗ್ ಎಂಡಿಯನ್. ಖಗೋಳದವರು ಬಳಸುವ ಫಿಟ್ಸ್ ಫೈಲ್‌ನ ಫ್ಲೋಟ್‌ಗಳೂ ಬಿಗ್. ವೇವ್ ಆಡಿಯೊ ಫೈಲ್ ಲಿಟಲ್. ಚಿತ್ರಗಳ ಟಿಫ್ ಫೈಲ್ ಜಾಣತನ ಮಾಡಿದೆ: ಮೊದಲ ಎರಡು ಬೈಟ್‌ಗಳಲ್ಲಿ ಎರಡು ಐ ಅಕ್ಷರ ಇದ್ದರೆ ಲಿಟಲ್, ಎರಡು ಎಂ ಅಕ್ಷರ ಇದ್ದರೆ ಬಿಗ್.

ತಲೆನೋವು ಕಾರ್ಖಾನೆಯ ಸಾಧನಗಳು ಮಾತಾಡುವ ಮಾಡ್‌ಬಸ್‌ನಲ್ಲಿ. ಅಲ್ಲಿನ ರಿಜಿಸ್ಟರ್ 16 ಬಿಟ್‌ನದು, ಅದರೊಳಗೆ ಬಿಗ್ ಎಂಡಿಯನ್ ಅಂತ ನಿಯಮ ಇದೆ. 32 ಬಿಟ್ ಫ್ಲೋಟ್‌ಗೆ ಎರಡು ರಿಜಿಸ್ಟರ್ ಬೇಕು. ಯಾವುದು ಮೊದಲು ಅಂತ ನಿಯಮ ಇಲ್ಲ. ಒಬ್ಬ ತಯಾರಕರು ಮೇಲಿನ ಅರ್ಧ ಮೊದಲು ಕೊಡುತ್ತಾರೆ, ಇನ್ನೊಬ್ಬರು ಕೆಳಗಿನ ಅರ್ಧ. 3700.07 ಹುಟ್ಟುವುದು ಇಂಥ ಕಡೆ. ಸಾಧನದ ಕೈಪಿಡಿಯಲ್ಲಿ ಎಬಿಸಿಡಿ, ಸಿಡಿಎಬಿ ಅಂತ ಬರೆದಿದ್ದರೆ ಅದು ಈ ಕ್ರಮವೇ, ಒಂದೊಂದು ಅಕ್ಷರ ಒಂದೊಂದು ಬೈಟ್.

ದಾಖಲೆ ಇಲ್ಲದಿದ್ದರೆ? ಮೊದಲೇ ಗೊತ್ತಿರುವ ಒಂದು ಅಳತೆ ಹುಡುಕಿ. ಸಾಧನದ ಪರದೆಯಲ್ಲಿ 12.5 ಕಾಣುವ ಹೊತ್ತಿಗೆ ಬೈಟ್‌ಗಳನ್ನು ಹಾಗೇ ಹೆಕ್ಸ್‌ನಲ್ಲಿ ಅಚ್ಚು ಹಾಕಿ. 41 48 00 00 ಬಂದರೆ ಬಿಗ್. 00 00 48 41 ಬಂದರೆ ಲಿಟಲ್. 00 00 41 48 ಬಂದರೆ ಜೋಡಿಗಳು ಅದಲುಬದಲು.

ಹಂತ 2: ಬೈಟ್‌ಗಳಿಂದ ಇಂಟಿಜರ್ ಕಟ್ಟಿ

ಬಿಗ್ ಎಂಡಿಯನ್ ಬೈಟ್‌ಗಳಾದರೆ ಲೆಕ್ಕ ಹೀಗೆ:

ಇಂಟಿಜರ್ = ಮೊದಲನೆಯದು × 1,67,77,216 + ಎರಡನೆಯದು × 65,536 + ಮೂರನೆಯದು × 256 + ನಾಲ್ಕನೆಯದು

ನಮ್ಮ ಉದಾಹರಣೆಯಲ್ಲಿ ಬೈಟ್‌ಗಳು 65, 35, 69, 103. ಕೂಡಿಸಿ ನೋಡಿ, 1,09,28,30,567 ಬರುತ್ತದೆ. ಲಿಟಲ್ ಆದರೆ ನಾಲ್ಕನೆಯದರಿಂದ ಶುರು ಮಾಡಿ ಇದೇ ಲೆಕ್ಕ. ಕೋಡ್‌ನಲ್ಲಿ ಗುಣಿಸುವ ಬದಲು 24, 16, 8 ಬಿಟ್ ಎಡಕ್ಕೆ ಶಿಫ್ಟ್ ಮಾಡಿ (ಸರಿಸಿ), ಆರ್ ಅನ್ನುವ ಬಿಟ್ ಕ್ರಿಯೆಯಿಂದ ಸೇರಿಸುತ್ತೇವೆ, ಅಷ್ಟೇ.

ಇದರ ಚೆಂದ ಏನೆಂದರೆ, ಶಿಫ್ಟ್ ಕೆಲಸ ಮಾಡುವುದು ಬೆಲೆಯ ಮೇಲೆ. ಮೆಮೊರಿಯ ಕ್ರಮಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಂದೇ ಕೋಡ್ ಎಲ್ಲ ಯಂತ್ರದಲ್ಲೂ ಒಂದೇ ಉತ್ತರ ಕೊಡುತ್ತದೆ. "ನನ್ನ ಯಂತ್ರ ಲಿಟಲ್ ಆಗಿದ್ದರೆ ತಿರುಗಿಸು, ಇಲ್ಲದಿದ್ದರೆ ಬಿಡು" ಅನ್ನುವ ಷರತ್ತು ಬರೆಯಬೇಕಾಗಿಲ್ಲ. ಅಂಥ ಷರತ್ತು ಬರೆದವರು ಅದರ ಒಂದು ಕವಲನ್ನು ಮಾತ್ರ ಪರೀಕ್ಷೆ ಮಾಡಿರುತ್ತಾರೆ. ಇನ್ನೊಂದಕ್ಕೆ ಬೇಕಾದ ಯಂತ್ರವೇ ಅವರ ಬಳಿ ಇರುವುದಿಲ್ಲ.

ಇಲ್ಲಿ ಎಡವಿ ಬೀಳುವ ಎರಡು ಗುಂಡಿಗಳಿವೆ. ಸಿ ಭಾಷೆಯಲ್ಲಿ 8 ಬಿಟ್ ಸಂಖ್ಯೆಯನ್ನು ಶಿಫ್ಟ್ ಮಾಡಿದರೆ ಅದು ಮೊದಲು ಚಿಹ್ನೆ ಇರುವ ಇಂಟ್ ಆಗುತ್ತದೆ. ಮೊದಲ ಬೈಟ್ 128 ಅಥವಾ ಜಾಸ್ತಿ ಇದ್ದಾಗ 24 ಬಿಟ್ ಶಿಫ್ಟ್ ಮಾಡಿದರೆ ಚಿಹ್ನೆಯ ಬಿಟ್‌ಗೆ ಹೋಗಿ ಬೀಳುತ್ತದೆ, ಸಿ ನಿಯಮದ ಪ್ರಕಾರ ಅದರ ಫಲಿತಾಂಶಕ್ಕೆ ಗ್ಯಾರಂಟಿ ಇಲ್ಲ. ಚಿಹ್ನೆ ಇಲ್ಲದ 32 ಬಿಟ್ ಇಂಟಿಜರ್ ಮಾಡಿಕೊಂಡು ಆಮೇಲೆ ಶಿಫ್ಟ್ ಮಾಡಿ. ಜಾವಾದಲ್ಲಿ ಬೈಟ್‌ಗೇ ಚಿಹ್ನೆ ಇದೆ. 200 ಅಲ್ಲಿ ‑56 ಆಗಿ ಕಾಣುತ್ತದೆ. ಪ್ರತಿ ಬೈಟನ್ನೂ 255ರ ಜೊತೆ ಆಂಡ್ ಅನ್ನುವ ಬಿಟ್ ಕ್ರಿಯೆ ಮಾಡಿಕೊಳ್ಳಿ. ಋಣ ಸಂಖ್ಯೆಗಳು ಬಂದಾಗ ಮಾತ್ರ ಪ್ರೋಗ್ರಾಂ ಕೆಡುತ್ತಿದ್ದರೆ ಮೊದಲು ಇಲ್ಲಿ ಹುಡುಕಿ.

ಹಂತ 3: ಬಿಟ್‌ಗಳನ್ನು ಫ್ಲೋಟ್ ಆಗಿ ಓದಿ

ಸಿ ಭಾಷೆಯಲ್ಲಿ ಮೆಮ್‌ಕಾಪಿ ಬಳಸಿ ಇಂಟಿಜರ್‌ನ ನಾಲ್ಕು ಬೈಟ್‌ಗಳನ್ನು ಫ್ಲೋಟ್ ವೇರಿಯೇಬಲ್‌ಗೆ ನಕಲು ಮಾಡಿ. ಪಾಯಿಂಟರ್ ಅನ್ನು ಕಾಸ್ಟ್ ಮಾಡಿ ಓದುವುದು ತುಂಬ ಕಡೆ ಕಾಣುತ್ತದೆ, ಆದರೆ ಅದು ಅಲಿಯಾಸಿಂಗ್ ನಿಯಮ (ಒಂದು ಬಗೆಯ ವೇರಿಯೇಬಲ್ ಅನ್ನು ಇನ್ನೊಂದು ಬಗೆಯ ಪಾಯಿಂಟರ್‌ನಿಂದ ಓದಬಾರದು ಅನ್ನುವುದು) ಮುರಿಯುತ್ತದೆ. ಆಪ್ಟಿಮೈಸೇಶನ್ ಇಲ್ಲದಾಗ ಸರಿ ಇದ್ದು, ಹಾಕಿದ ಕೂಡಲೇ ಹಳೇ ಬೆಲೆ ಓದುವ ದೋಷಗಳು ಹೀಗೆ ಬರುತ್ತವೆ. ಯೂನಿಯನ್ ಮೂಲಕ ಓದುವುದಕ್ಕೆ ಸಿ ಒಪ್ಪುತ್ತದೆ, ಸಿ++ ಒಪ್ಪುವುದಿಲ್ಲ. ಮೆಮ್‌ಕಾಪಿ ಎರಡರಲ್ಲೂ ಸರಿ. ನಿಧಾನ ಆಗುತ್ತದೆ ಅಂತ ಹೆದರಬೇಡಿ, ಒಳ್ಳೆಯ ಕಂಪೈಲರ್ ಅದನ್ನು ಒಂದೇ ಸೂಚನೆಗೆ ಇಳಿಸುತ್ತದೆ. ಸಿ++20 ಇದ್ದರೆ ಬಿಟ್ ಕಾಸ್ಟ್ ಇದೆ, ಅದು ಇನ್ನೂ ಸ್ಪಷ್ಟ.

ಜಾವಾದಲ್ಲಿ ಫ್ಲೋಟ್ ಕ್ಲಾಸ್‌ನ ಇಂಟ್‌ಬಿಟ್ಸ್‌ಟುಫ್ಲೋಟ್. ಗೋ ಭಾಷೆಯಲ್ಲಿ ಮ್ಯಾಥ್ ಪ್ಯಾಕೇಜ್‌ನ ಫ್ಲೋಟ್32ಫ್ರಮ್‌ಬಿಟ್ಸ್. ರಸ್ಟ್‌ನಲ್ಲಿ ಫ್ರಮ್ ಬಿಟ್ಸ್. ಎರಡು ಮತ್ತು ಮೂರನೇ ಹಂತ ಒಟ್ಟಿಗೆ ಬೇಕಾದರೆ ಫ್ರಮ್ ಬಿಇ ಬೈಟ್ಸ್, ಫ್ರಮ್ ಎಲ್ಇ ಬೈಟ್ಸ್ ಕೂಡ ಇವೆ. ಕ್ರಮ ಹೆಸರಿನಲ್ಲೇ ಇರುವುದರಿಂದ ಓದುವವರಿಗೆ ಅನುಮಾನ ಉಳಿಯುವುದಿಲ್ಲ. ಇಂಥ ಫಂಕ್ಷನ್ ನಿಮ್ಮ ಭಾಷೆಯಲ್ಲಿ ಇದ್ದರೆ ಅದನ್ನೇ ಬಳಸಿ.

ಪೈಥಾನ್‌ನ ಸ್ಟ್ರಕ್ಟ್ ಮಾಡ್ಯೂಲ್‌ನಲ್ಲಿ ಫಾರ್ಮ್ಯಾಟ್‌ನ ಮೊದಲು > ಹಾಕಿದರೆ ಬಿಗ್, < ಹಾಕಿದರೆ ಲಿಟಲ್. ಏನೂ ಹಾಕದಿದ್ದರೆ ಯಂತ್ರದ ಕ್ರಮ, ಜೊತೆಗೆ ಅಲೈನ್‌ಮೆಂಟ್‌ನ ಖಾಲಿ ಬೈಟ್‌ಗಳೂ ಸೇರಿಕೊಳ್ಳಬಹುದು. ಹಾಗಾಗಿ ಚಿಹ್ನೆ ಬಿಡಬೇಡಿ. ನಮ್‌ಪೈನಲ್ಲಿ ವ್ಯೂ ಬಿಟ್‌ಗಳನ್ನು ಹಾಗೇ ಇಡುತ್ತದೆ, ಆಸ್‌ಟೈಪ್ ಬೆಲೆಯನ್ನು ಬದಲಿಸುತ್ತದೆ. ಮೇಲೆ ಹೇಳಿದ ಎರಡು ಕೆಲಸಗಳು ಇವೇ.

ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ತಮಾಷೆ ಇದೆ. ಫ್ಲೋಟ್32ಅರೇ ಯಂತ್ರದ ಕ್ರಮದಲ್ಲಿ ಓದುತ್ತದೆ. ಡೇಟಾವ್ಯೂ ಮಾತ್ರ ನೀವು ಹೇಳದಿದ್ದರೆ ಬಿಗ್ ಎಂಡಿಯನ್ ಅಂತಲೇ ಓದುತ್ತದೆ. ಒಂದೇ ಬಫರ್ ಮೇಲೆ ಎರಡನ್ನೂ ಇಟ್ಟು ಓದಿದರೆ ಎರಡು ಉತ್ತರ ಬರುತ್ತವೆ. ಡಾಟ್‌ನೆಟ್‌ನಲ್ಲೂ ಹೀಗೇ: ಬಿಟ್‌ಕನ್ವರ್ಟರ್ ಯಂತ್ರದ ಕ್ರಮ ಹಿಡಿಯುತ್ತದೆ, ಬೈನರಿರೀಡರ್ ಲಿಟಲ್ ಹಿಡಿಯುತ್ತದೆ. ಬೈನರಿಪ್ರಿಮಿಟಿವ್ಸ್ ಬಳಸಿದರೆ ಕ್ರಮವನ್ನು ನೀವೇ ಹೆಸರಿಸಿ ಹೇಳಬಹುದು.

ಫ್ಲೋಟನ್ನೇ ತಿರುಗಿಸಿದರೆ ಏನಾಗುತ್ತದೆ

"ಮೊದಲು ಫ್ಲೋಟ್ ಆಗಿ ಓದಿಬಿಡೋಣ, ಆಮೇಲೆ ಅದರ ಬೈಟ್ ತಿರುಗಿಸೋಣ" ಅನ್ನುವವರು ಇದ್ದಾರೆ. ಬಹಳ ಸಲ ನಡೆಯುತ್ತದೆ ಕೂಡ. ಹಾಗಾಗಿಯೇ ಇದು ಅಪಾಯ.

ತಪ್ಪು ಕ್ರಮದ ಬೈಟ್‌ಗಳು ಫ್ಲೋಟ್ ವೇರಿಯೇಬಲ್‌ನಲ್ಲಿ ಒಂದು ಕ್ಷಣ ಕೂತರೂ ಪ್ರೊಸೆಸರ್ ಅವನ್ನು ಫ್ಲೋಟ್ ಅಂತ ನಂಬುತ್ತದೆ. ಎಕ್ಸ್‌ಪೋನೆಂಟ್‌ನ 8 ಬಿಟ್‌ಗಳೂ 1 ಆಗಿ, ಮ್ಯಾಂಟಿಸಾದ ಮೇಲಿನ ಬಿಟ್ 0 ಆಗಿ, ಉಳಿದದ್ದರಲ್ಲಿ ಏನಾದರೂ ಇದ್ದರೆ ಅದು ಸಿಗ್ನಲಿಂಗ್ ನಾನ್, ಅಂದರೆ ಸಂಖ್ಯೆಯೇ ಅಲ್ಲದ ಒಂದು ಗುರುತು. ಎಕ್ಸ್86ರ ಹಳೆಯ ಫ್ಲೋಟ್ ಘಟಕವಾದ ಎಕ್ಸ್87 ಇದನ್ನು ರಿಜಿಸ್ಟರ್‌ಗೆ ತುಂಬಿಕೊಳ್ಳುವಾಗ ಆ 0 ಬಿಟ್ಟನ್ನು 1 ಮಾಡಿಬಿಡುತ್ತದೆ. 32 ಬಿಟ್ ಎಕ್ಸ್86 ಕೋಡ್‌ನಲ್ಲಿ ಫಂಕ್ಷನ್ ಫ್ಲೋಟ್ ವಾಪಸ್ ಕೊಡುವುದು ಸಾಮಾನ್ಯವಾಗಿ ಈ ರಿಜಿಸ್ಟರ್ ಮೂಲಕವೇ.

ಎಷ್ಟು ಸಲ ಹೀಗಾಗಬಹುದು? ಬಿಗ್ ಎಂಡಿಯನ್ ಕ್ರಮದಲ್ಲಿ ಬರೆದಾಗ ನಿಮ್ಮ ಒಳ್ಳೆಯ ಸಂಖ್ಯೆಯ ಕೊನೆಯ ಬೈಟ್ 127 ಅಥವಾ 255 ಇರಬೇಕು, ಮೂರನೆಯದು 128ರಿಂದ 191ರ ಒಳಗೆ ಇರಬೇಕು. ಕೊನೆಯ ಎರಡು ಬೈಟ್‌ಗಳಲ್ಲಿ ಎಲ್ಲ ಬೆಲೆಗಳೂ ಸಮನಾಗಿ ಬರುತ್ತಿದ್ದರೆ ಸುಮಾರು 512 ಸಂಖ್ಯೆಗಳಲ್ಲಿ ಒಂದು. ಬದಲಾದ ಬಿಟ್‌ನಿಂದ ಮೂರನೇ ಬೈಟ್‌ಗೆ 64 ಸೇರುತ್ತದೆ. 8ರಿಂದ 16ರ ನಡುವಿನ ಸಂಖ್ಯೆಯಾದರೆ ಬೆಲೆ 0.015625ರಷ್ಟು ಏರುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಎಚ್ಚರಿಕೆ ಇಲ್ಲ. ಐನೂರಕ್ಕೆ ಒಂದು ಅಳತೆ ಒಂದೂವರೆ ನೂರಾಂಶದಷ್ಟು ಜಾಸ್ತಿ. ಇಂಥದ್ದನ್ನು ಹುಡುಕುವವರ ಪಾಡು ಬೇಡ.

ಇಂಟಿಜರ್‌ನಲ್ಲಿ ಈ ಕಾಟ ಇಲ್ಲ. ಯಾವ 32 ಬಿಟ್ ಇಟ್ಟರೂ ಅದು ಹಾಗೇ ಇರುತ್ತದೆ.

ವಾಪಸ್ ಹೋಗುವ ದಾರಿ

ಬರೆಯುವಾಗ ಇದೇ ಹಂತಗಳು ಉಲ್ಟಾ. ಫ್ಲೋಟ್‌ನ ಬಿಟ್‌ಗಳನ್ನು ಇಂಟಿಜರ್ ಆಗಿ ತೆಗೆದುಕೊಳ್ಳಿ, ಬಲಕ್ಕೆ ಶಿಫ್ಟ್ ಮಾಡಿ ಒಂದೊಂದೇ ಬೈಟ್ ಕಳಿಸಿ.

ಇಲ್ಲಿ ಪ್ರಸಿದ್ಧವಾದ ಒಂದು ತಪ್ಪು ಇದೆ. ನೆಟ್‌ವರ್ಕ್ ಕ್ರಮಕ್ಕೆ ತರುವ ಎಚ್‌ಟುಎನ್‌ಎಲ್ ಫಂಕ್ಷನ್‌ಗೆ ನೇರ ಫ್ಲೋಟ್ ಕೊಡುವುದು. ಅದು ತೆಗೆದುಕೊಳ್ಳುವುದು 32 ಬಿಟ್ ಇಂಟಿಜರ್. ಹಾಗಾಗಿ ಕಂಪೈಲರ್ 10.2044 ಅನ್ನು ಸದ್ದಿಲ್ಲದೆ 10 ಮಾಡಿ ಕೊಡುತ್ತದೆ. ದಶಮಾಂಶ ಅಲ್ಲೇ ಉದುರಿಹೋಯಿತು. ಆ ಕಡೆಯವರೂ ಇದೇ ತಪ್ಪು ಮಾಡಿ ಎನ್‌ಟುಎಚ್‌ಎಲ್ ಉತ್ತರವನ್ನು ಫ್ಲೋಟ್‌ಗೆ ಹಾಕಿಕೊಂಡರೆ ಅವರಿಗೆ 10.0 ಕಾಣುತ್ತದೆ. ಎರಡು ತಪ್ಪು ಸೇರಿ ಸರಿಯ ಹಾಗೆ ಕಾಣುವುದು ಅಂದರೆ ಇದೇ.

ಡಬಲ್ ಬಂದಾಗ

8 ಬೈಟ್, ಎಕ್ಸ್‌ಪೋನೆಂಟ್ 11 ಬಿಟ್, ಸೇರಿಸುವುದು 1023. ಉಳಿದದ್ದೆಲ್ಲ ಅದೇ. 12.5 ಇಲ್ಲಿ 40 29 00 00 00 00 00 00. ಒಂದೇ ಎಚ್ಚರಿಕೆ: ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಯಲ್ಲಿ 64 ಬಿಟ್ ಇಂಟಿಜರ್ ಪೂರ್ತಿ ಹಿಡಿಸುವುದಿಲ್ಲ, 2⁵³ ದಾಟಿದರೆ ಅಂಕಿಗಳು ಕಳೆದುಹೋಗುತ್ತವೆ. ಬಿಗ್‌ಇಂಟ್ ಬಳಸಿ.

ಪರೀಕ್ಷೆ ಬರೆಯುವಾಗ

0.0 ಇಟ್ಟು ಪರೀಕ್ಷೆ ಮಾಡಬೇಡಿ. ಎಲ್ಲ ಬೈಟ್‌ಗಳೂ ಸೊನ್ನೆ, ಹೇಗೆ ತಿರುಗಿಸಿದರೂ ಪಾಸ್. 12.5 ಪರವಾಗಿಲ್ಲ, ಆದರೆ ಅದರಲ್ಲೂ ಕೊನೆಯ ಎರಡು ಬೈಟ್‌ಗಳು ಒಂದೇ, ಅವು ತಮ್ಮತಮ್ಮಲ್ಲಿ ಅದಲುಬದಲಾದರೆ ಗೊತ್ತಾಗುವುದಿಲ್ಲ. ನಾಲ್ಕೂ ಬೈಟ್ ಬೇರೆಬೇರೆ ಇರುವ 41 23 45 67 ನನಗೆ ಇಷ್ಟ ಆಗುವುದು ಅದಕ್ಕೇ. ಒಂದು ಋಣ ಸಂಖ್ಯೆಯನ್ನೂ ಸೇರಿಸಿ.

ಬರೆದು, ಮತ್ತೆ ಓದಿ, ಅದೇ ಸಂಖ್ಯೆ ಬಂತಾ ಅಂತ ನೋಡುವ ಪರೀಕ್ಷೆಯನ್ನು ನಂಬಬೇಡಿ. ಬರೆಯುವವರೂ ಓದುವವರೂ ನೀವೇ ಆದಾಗ ಎರಡೂ ಕಡೆ ತಪ್ಪು ಕ್ರಮ ಇದ್ದರೂ ಪಾಸ್ ಆಗುತ್ತದೆ. ನಿಗದಿತ ಬೈಟ್‌ಗಳನ್ನು ಪರೀಕ್ಷೆಯಲ್ಲಿ ಬರೆದಿಟ್ಟು ಅವಕ್ಕೇ ಹೋಲಿಸಿ. ಹೋಲಿಸುವಾಗಲೂ ಇಂಟಿಜರ್ ಬಿಟ್‌ಗಳನ್ನೇ ಹೋಲಿಸಿ. ನಾನ್ ತನಗೆ ತಾನೇ ಸಮ ಅಲ್ಲ, ಋಣ ಸೊನ್ನೆ ಧನ ಸೊನ್ನೆಗೆ ಸಮ. ಫ್ಲೋಟ್ ಹೋಲಿಕೆಯಲ್ಲಿ ಇವೆರಡೂ ಕಣ್ಣು ತಪ್ಪಿಸುತ್ತವೆ.

ಸೊನ್ನೆ ಕಂಡರೆ

ಒಮ್ಮೆ ಒಂದು ಒತ್ತಡದ ಮೀಟರ್‌ನಿಂದ ನನಗೆ ಬರೀ 0.00 ಬರುತ್ತಿತ್ತು. ಸೆನ್ಸರ್ ಸತ್ತಿದೆ ಅಂದುಕೊಂಡು ಅರ್ಧ ದಿನ ವೈರ್ ಬದಲಾಯಿಸಿದೆ. ಬರುತ್ತಿದ್ದದ್ದು 12.5, ನಾನು ಓದುತ್ತಿದ್ದದ್ದು ತಿರುಗುಮುರುಗಾಗಿ. 00 00 48 41 ಅಂದರೆ ಸುಮಾರು 2.59 × 10⁻⁴¹. ಎರಡು ದಶಮಾಂಶಕ್ಕೆ ಅಚ್ಚು ಹಾಕಿದರೆ ಅದು 0.00. 12.5, 20, 50 ಇಂಥ ದುಂಡು ಸಂಖ್ಯೆಗಳ ಕೊನೆಯ ಬೈಟ್‌ಗಳು ಸೊನ್ನೆ ಇರುವುದರಿಂದ, ತಿರುಗಿದಾಗ ಅವೆಲ್ಲ ಹೀಗೆ ಸೊನ್ನೆಗೆ ಅಂಟಿಕೊಳ್ಳುತ್ತವೆ. ಒತ್ತಡ ಸ್ವಲ್ಪ ಬದಲಾಗಿ 12.3 ಆಗಿದ್ದರೆ ವಿಚಿತ್ರ ಸಂಖ್ಯೆ ಬಂದು ಆಗಲೇ ಸಿಕ್ಕಿಬೀಳುತ್ತಿತ್ತು. ಈಗ ಸೊನ್ನೆ ಕಂಡರೆ ಮೊದಲು ನಾಲ್ಕು ಬೈಟ್‌ಗಳನ್ನು ಹೆಕ್ಸ್‌ನಲ್ಲಿ ಅಚ್ಚು ಹಾಕುತ್ತೇನೆ, ವೈರ್ ಆಮೇಲೆ.